ಹಿನ್ನೀರು ಇಳಿದಾಗ ಮೇಲೆ ಬರುವ ನಮ್ಮ ಹಳೇ ಊರು: ನಕ್ಷೆಯಲ್ಲಿ ಏನು ಬರೆಯಲಿ, ಏನು ಬಿಡಲಿ?

ಹಳೇಊರು ಸರ್ವೇಯರ್ (ಬಾಗಲಕೋಟೆ)
*ಮೇ 6*

ಎಲ್ಲರಿಗೂ ನಮಸ್ಕಾರ. ನಾನು ಲೈಸೆನ್ಸ್ ಇರುವ ಸರ್ವೇಯರ್. ಹದ್ದುಬಸ್ತು, ಪೋಡಿ, ಹನ್ನೊಂದು-ಇ ನಕ್ಷೆ ಅಂತ ಜಮೀನು ಅಳೆಯುವ ಕೆಲಸದಲ್ಲೇ ಇಪ್ಪತ್ತು ವರ್ಷ ಕಳೆದಿದ್ದೇನೆ. ಪುರಾತತ್ವ ಓದಿದವನಲ್ಲ. ಆದರೆ ಐದು ವರ್ಷದಿಂದ ಒಂದು ಕೆಲಸ ಹಿಡಿದುಕೊಂಡಿದ್ದೇನೆ. ಅದನ್ನು ಸರಿಯಾಗಿ ಮಾಡುತ್ತಿದ್ದೇನೋ ಇಲ್ಲವೋ ಅಂತ ತಿಳಿದವರು ಹೇಳಬೇಕು.

ನಮ್ಮ ಹುಟ್ಟೂರು ಬೀಳಗಿ ತಾಲ್ಲೂಕಿನಲ್ಲಿ ಕೃಷ್ಣೆಯ ದಂಡೆಗೆ ಇತ್ತು. ಆಲಮಟ್ಟಿ ಅಣೆಕಟ್ಟಿನ ಹಿನ್ನೀರಿಗೆ ಹೋಯಿತು. ನಾನು ಪಿಯುಸಿ ಮುಗಿಸಿದ ವರ್ಷ ಗಂಟುಮೂಟೆ ಕಟ್ಟಿಕೊಂಡು ಆರ್‌ಸಿಗೆ ಬಂದೆವು. ಹೊರಗಿನವರಿಗೆ ಗೊತ್ತಿರಲಿ ಅಂತ ಹೇಳುತ್ತೇನೆ, ಪುನರ್ವಸತಿ ಕೇಂದ್ರಕ್ಕೆ ನಾವೆಲ್ಲ ಆರ್‌ಸಿ ಅನ್ನುತ್ತೇವೆ. ಮಳೆಗಾಲದಿಂದ ಚಳಿಗಾಲದ ತನಕ ಊರ ಮೇಲೆ ನೀರು ನಿಂತಿರುತ್ತದೆ. ಬೇಸಿಗೆಯಲ್ಲಿ ನೀರು ಇಳಿದಾಗ ಊರು ಮೇಲೆ ಬರುತ್ತದೆ.

ಊರು ಅಂದರೆ ಗೋಡೆಗಳಲ್ಲ. ಮಣ್ಣಿನ ಗೋಡೆ ಮೊದಲ ಎರಡು ವರ್ಷದಲ್ಲೇ ಕರಗಿಹೋದವು. ಕಂಬ, ತೊಲೆ, ಜಂತಿ, ಬಾಗಿಲು ನಾವೇ ಕಿತ್ತು ತಂದಿದ್ದೆವು. ಉಳಿದದ್ದು ಕಲ್ಲು ಮಾತ್ರ. ಬುನಾದಿ, ಹೊಸ್ತಿಲು, ಮನೆ ಮುಂದಿನ ಕಟ್ಟೆ, ಬಚ್ಚಲ ಬಂಡೆ, ನೆಲಕ್ಕೆ ಹುಗಿದ ಒಳಕಲ್ಲು, ನೆಲದೊಳಗೆ ಜೋಳ ತುಂಬಿಡುವ ಹಗೇವಿನ ಬಾಯಿ, ಬಾವಿ. ಮೇಲೆ ಒಂದು ಪದರ ಕೆಸರು, ಒಣಗಿ ಬಿರುಕು ಬಿಟ್ಟಿರುತ್ತದೆ. ಅದನ್ನು ಕಸಬರಿಗೆಯಿಂದ ಗುಡಿಸಿದರೆ ಪಡಸಾಲೆಯ ನೆಲ ಕಾಣುತ್ತದೆ.

ಪ್ರತಿ ಮೇ ತಿಂಗಳು ಟೇಪು, ಜಿಪಿಎಸ್, ಒಂದು ನೋಟ್‌ಬುಕ್ ಹಿಡಿದು ಹೋಗುತ್ತೇನೆ. ಇಲ್ಲಿಯ ತನಕ 61 ಮನೆಗಳ ಬುನಾದಿ ಅಳೆದಿದ್ದೇನೆ. ಎಷ್ಟು ಅಂಕಣ, ಬಾಗಿಲು ಯಾವ ದಿಕ್ಕಿಗೆ, ಅಡುಗೆಮನೆ ಎಲ್ಲಿತ್ತು, ದನ ಎಲ್ಲಿ ಕಟ್ಟುತ್ತಿದ್ದರು, ಎಲ್ಲ ಬರೆದಿದ್ದೇನೆ. ಮೊದಲ ವರ್ಷ ಬರೀ ಅಳತೆ ಬರೆಯುತ್ತಿದ್ದೆ. ನಂತರ ಸಣ್ಣಪುಟ್ಟ ಸಂಗತಿಗಳ ಮೇಲೆ ಕಣ್ಣು ಹೋಗತೊಡಗಿತು. ನಮ್ಮ ಮನೆಯ ಒಳಕಲ್ಲಿನ ಎಡಗಡೆ ಅಂಚು ಜಾಸ್ತಿ ಸವೆದಿದೆ. ಅಕ್ಕಪಕ್ಕದ ಮೂರು ಮನೆಗಳಲ್ಲಿ ಬಲಗಡೆ ಸವೆದಿದೆ. ಅವ್ವ ಎಡಗೈಯವಳು. ಅವಳು ತೀರಿಕೊಂಡು ಒಂಬತ್ತು ವರ್ಷವಾಯಿತು. ಆ ಅಂಚಿನ ಮೇಲೆ ಕೈಯಾಡಿಸಿ ಅಲ್ಲೇ ಬಹಳ ಹೊತ್ತು ಕೂತಿದ್ದೆ.

ಈಗ ನನ್ನ ತೊಡಕುಗಳನ್ನು ಹೇಳುತ್ತೇನೆ.

ಹೋದ ವರ್ಷ ಯಾರೋ ಟ್ರ್ಯಾಕ್ಟರ್ ತಂದು ಬೀಸುಕಲ್ಲು, ಒಳಕಲ್ಲು ಕಿತ್ತು ತುಂಬಿಕೊಂಡು ಹೋದರು. ಯಾವುದೋ ಹೋಟೆಲಿನ ಅಂಗಳಕ್ಕೆ ಅಲಂಕಾರಕ್ಕಂತೆ. ಅವ್ವನ ಕಲ್ಲು ಸದ್ಯ ಉಳಿದಿದೆ. ಅದನ್ನು ಮನೆಗೆ ತರಲೋ, ಇದ್ದಲ್ಲೇ ಬಿಡಲೋ? ಇನ್ನು ಊರಿನ ಅಗಸೆ, ಅಂದರೆ ಊರಬಾಗಿಲಿನ ಪಕ್ಕ ಒಂದು ವೀರಗಲ್ಲಿದೆ. ಅದರ ಗತಿಯೂ ಹೀಗೇ ಆದೀತು ಅಂತ ಹೆದರಿಕೆ.

ಮೂರು ವರ್ಷದ ಹಿಂದೆ ಒಂದು ಕಾಲೇಜಿನ ತಂಡ ಬಂದಿತ್ತು. ನಾನೇ ಎಲ್ಲ ತೋರಿಸಿದೆ. ಮಡಕೆ ಚೂರು, ಬಳೆ ಚೂರು ಆರಿಸಿ ಎರಡು ಚೀಲ ತುಂಬಿಕೊಂಡು ಹೋದರು. ಏನು ಸಿಕ್ಕಿತು ಅಂತ ಬರೆದು ಕಳಿಸುತ್ತೇವೆ ಅಂದಿದ್ದರು. ಇವತ್ತಿಗೂ ಒಂದು ಸಾಲಿನ ಉತ್ತರ ಬಂದಿಲ್ಲ. ಅದು ನಮ್ಮ ಅಜ್ಜಿಯರ ಬಳೆ ಚೂರು, ಅಲ್ವಾ?

ಇನ್ನೊಂದು ಹೇಳಲಿಕ್ಕೆ ಸ್ವಲ್ಪ ಕಷ್ಟ. ಅಲೆ ಹೊಡೆದು ಹೊಡೆದು ರುದ್ರಭೂಮಿಯ ದಂಡೆ ಕುಸಿದಿದೆ. ಎರಡು ವರ್ಷದ ಹಿಂದೆ ಒಂದು ಗುಣಿ ಅರ್ಧ ತೆರೆದುಕೊಂಡಿತ್ತು. ನಮ್ಮಲ್ಲಿ ಕೂರಿಸಿ ಮಣ್ಣು ಮಾಡುತ್ತಾರೆ. ಹಾಗಾಗಿ ಮೊಣಕಾಲ ಮೂಳೆ ಕಾಣುತ್ತಿತ್ತು. ನಾನು ಫೋಟೋ ತೆಗೆಯಲಿಲ್ಲ, ಅಳತೆ ಹಾಕಲಿಲ್ಲ. ಮಣ್ಣು ಮುಚ್ಚಿ, ಕಲ್ಲು ಹೇರಿ, ಕೈ ಮುಗಿದು ಬಂದೆ. ಮಾಡಿದ್ದು ಸರಿಯೋ ತಪ್ಪೋ?

ಕಡೆಯದು ನಕ್ಷೆಯ ವಿಷಯ. ಊರಲ್ಲಿ ಓಣಿಗೊಂದು ಹೆಸರಿತ್ತು. ಹೆಚ್ಚಿನವು ಜಾತಿಯ ಹೆಸರುಗಳೇ. ಬರೆಯಲೋ ಬೇಡವೋ ಅಂತ ನಮ್ಮ ದೊಡ್ಡಪ್ಪನನ್ನು ಕೇಳಿದೆ. "ಅದನ್ನೆಲ್ಲ ಯಾಕ ಬರಿತಿ ತಮ್ಮಾ, ಊರಾಗ ಎಲ್ಲಾರೂ ಒಂದ ಇದ್ವಿ" ಅಂದರು. ಸದ್ಯಕ್ಕೆ ಓಣಿ 1, ಓಣಿ 2 ಅಂತ ನಂಬರು ಹಾಕಿದ್ದೇನೆ. ಅದು ನಮ್ಮ ಊರಿನಂತೆ ಕಾಣುತ್ತಲೇ ಇಲ್ಲ.

ಊರ ದೊಡ್ಡ ಬಾವಿಯ ಬಗ್ಗೆಯೂ ಕೇಳಬೇಕು. ಚೌಕದ ಬಾವಿ, ಮೇಲೆ ಕಲ್ಲಿನ ಕಟ್ಟೆ. ಮೂರು ಬದಿಯ ಕಲ್ಲಿನಲ್ಲಿ ಹಗ್ಗ ಉಜ್ಜಿ ಗೆರೆ ಬಿದ್ದಿವೆ. ಕಿರುಬೆರಳು ಪೂರ್ತಿ ಕೂರುವಷ್ಟು ಆಳ. ಎಣಿಸಿದೆ, ಒಂದು ಬದಿಗೆ 14, ಇನ್ನೊಂದಕ್ಕೆ 11, ಮತ್ತೊಂದಕ್ಕೆ 9. ನಾಲ್ಕನೇ ಬದಿಯಲ್ಲಿ ಒಂದೂ ಇಲ್ಲ. ದೊಡ್ಡಪ್ಪ "ಆ ಕಲ್ಲು ಗಟ್ಟಿ" ಅಂದರು. ನೋಡಲಿಕ್ಕೆ ನಾಲ್ಕೂ ಒಂದೇ ಥರದ ಕಲ್ಲು. ನನಗೆ ಬುದ್ಧಿ ಬರುವಷ್ಟರಲ್ಲಿ ಊರಿಗೆ ಬೋರು ಬಂದಿತ್ತು, ಬಾವಿ ಪಾಳು ಬಿದ್ದಿತ್ತು. "ಗಟ್ಟಿ ಕಲ್ಲು" ಅಂತಲೇ ಬರೆದುಕೊಂಡಿದ್ದೇನೆ. ಯಾರಿಗಾದರೂ ಬೇರೆ ಕಾರಣ ಹೊಳೆದರೆ ಹೇಳಿ.

---

ಕರಣಿ ಮತ್ತು ಬ್ರಷ್ (ವಿಜಯಪುರ)
*ಮೇ 7*

ಸರ್, ನಾನು ಉತ್ಖನನಗಳಲ್ಲಿ ಡ್ರಾಯಿಂಗ್ ಮಾಡುವ ಕೆಲಸದಲ್ಲಿ ಬಹಳ ವರ್ಷ ಇದ್ದವನು. ಮೊದಲು ಒಂದು ಮಾತು. ನೀವು ಮಾಡುತ್ತಿರುವುದು ಪುರಾತತ್ವವೇ. ಅನುಮಾನ ಬೇಡ.

ಪುರಾತತ್ವ ಅಂದರೆ ಸಾವಿರ ವರ್ಷ ಹಳೆಯದೇ ಆಗಬೇಕು ಅಂತ ಇಲ್ಲ. ಜನ ಬಳಸಿ ಬಿಟ್ಟ ವಸ್ತುವಿನಿಂದ ಜನರ ಬದುಕು ತಿಳಿಯುವುದು ಅಂತ ಅಷ್ಟೇ. 2006ರಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ಪುರಾತತ್ವದವರು ಒಂದು ಹಳೇ ಫೋರ್ಡ್ ವ್ಯಾನನ್ನು ಬಿಚ್ಚಿ ಬಿಚ್ಚಿ ದಾಖಲಿಸಿದರು. 1991ರ ವ್ಯಾನು ಅದು. ಸೀಟಿನ ಕೆಳಗಿನ ಕಸ, ನೆಲಕ್ಕೆ ಅಂಟಿದ ಮಣ್ಣು, ಯಾವ ಭಾಗ ಎಲ್ಲಿ ಸವೆದಿದೆ, ಎಲ್ಲ ಬರೆದರು. ಹದಿನೈದು ವರ್ಷದ ವ್ಯಾನಿಗೆ ಅಷ್ಟು ಮಾಡಬಹುದಾದರೆ ನಿಮ್ಮ ಅವ್ವನ ಒಳಕಲ್ಲಿಗೆ ಯಾಕೆ ಮಾಡಬಾರದು?

ಅಮೆರಿಕದ ಅರಿಜೋನಾದಲ್ಲಿ ವಿಲಿಯಂ ರಾತ್ಜೆ ಅನ್ನುವ ಪ್ರೊಫೆಸರ್ 1973ರಲ್ಲಿ ಶುರು ಮಾಡಿದ ಕೆಲಸವನ್ನೂ ಹೇಳಬೇಕು. ಟೂಸಾನ್ ಊರಿನ ಮನೆಗಳ ಕಸದ ಚೀಲಗಳನ್ನು ತರಿಸಿ, ಬಿಡಿಸಿ ಎಣಿಸಿದರು. ಅದೇ ಊರಿನ ಜನರನ್ನು ಬೇರೆ ಕೇಳಿದರು, ಏನು ತಿನ್ನುತ್ತೀರಿ, ಎಷ್ಟು ಕುಡಿಯುತ್ತೀರಿ ಅಂತ. ಬಾಯಲ್ಲಿ ಹೇಳಿದ ಬಿಯರ್ ಲೆಕ್ಕಕ್ಕೂ ಕಸದಲ್ಲಿ ಸಿಕ್ಕ ಡಬ್ಬಿಗಳಿಗೂ ತಾಳೆ ಆಗಲಿಲ್ಲ. ಜನ ಬೇಕಂತಲೇ ಸುಳ್ಳು ಹೇಳುತ್ತಾರೆ ಅಂತಲ್ಲ. ನಮ್ಮ ಬಗ್ಗೆ ನಾವೇ ಒಂದು ಲೆಕ್ಕ ಇಟ್ಟುಕೊಂಡಿರುತ್ತೇವೆ, ವಸ್ತು ಇನ್ನೊಂದು ಲೆಕ್ಕ ಹೇಳುತ್ತದೆ. ಎರಡನ್ನೂ ಬರೆದುಕೊಳ್ಳಬೇಕು. ನಿಮ್ಮ ಬಾವಿ ವಿಷಯದಲ್ಲಿ ನನಗೆ ಅದೇ ಅನ್ನಿಸುತ್ತಿದೆ. "ಗಟ್ಟಿ ಕಲ್ಲು" ಅನ್ನುವುದನ್ನು ನೀವು ನೋಡಿದ್ದು ಅಂತ ಬರೆಯಬೇಡಿ. ಇಂಥವರು, ಇಂಥ ದಿನ ಹೇಳಿದ್ದು ಅಂತ ಬರೆಯಿರಿ. ನಿಮ್ಮ ಕಣ್ಣಿಗೆ ಕಂಡದ್ದು "ಗೆರೆ ಇಲ್ಲ" ಅನ್ನುವುದಷ್ಟೇ.

ತುರ್ಕಿಯ ಚಾತಾಲ್‌ಹೊಯುಕ್ ಅನ್ನುವ ನವಶಿಲಾಯುಗದ ಊರಿನಲ್ಲಿ ಇಯಾನ್ ಹಾಡರ್ 1993ರಿಂದ ಬಹಳ ವರ್ಷ ಕೆಲಸ ಮಾಡಿಸಿದರು. ಅಲ್ಲಿ ಅಗೆಯುವವರೇ ದಿನಚರಿ ಬರೆಯಬೇಕಿತ್ತು. ನನಗೆ ಹೀಗೆ ಅನ್ನಿಸಿತು, ಯಾಕೆ ಅನ್ನಿಸಿತು, ನಿನ್ನೆ ಅಂದುಕೊಂಡದ್ದು ಇವತ್ತು ಯಾಕೆ ಬದಲಾಯಿತು, ಹೀಗೆ. ವರದಿಯಲ್ಲಿ ಬರೀ ಕೊನೆಯ ತೀರ್ಮಾನ ಇದ್ದರೆ ಹಾದಿ ಕಳೆದುಹೋಗುತ್ತದೆ ಅನ್ನುವುದು ಅವರ ಯೋಚನೆ. ನಿಮ್ಮ ನೋಟ್‌ಬುಕ್ಕಿನ ಎಡಪುಟಕ್ಕೆ ಅಳತೆ, ಬಲಪುಟಕ್ಕೆ ಅನ್ನಿಸಿದ್ದು, ಕೇಳಿದ್ದು. ಇಷ್ಟು ಮಾಡಿದರೂ ಸಾಕು.

ಊರ ತಿಪ್ಪೆ ಎಲ್ಲಿತ್ತು ಅಂತ ಗುರುತಿಸಿದ್ದೀರಾ? ನೀವು ಬರೆದದ್ದರಲ್ಲಿ ತಿಪ್ಪೆಯ ಮಾತೇ ಇಲ್ಲ. ದಯವಿಟ್ಟು ಬಿಡಬೇಡಿ. ನಮ್ಮ ಪಕ್ಕದ ಸುರಪುರ ಸೀಮೆಯ ಬೂದಿಹಾಳದಲ್ಲಿ ಪ್ರೊಫೆಸರ್ ಪದ್ದಯ್ಯ ಅಗೆಸಿದ್ದು ಬೂದಿದಿಬ್ಬವನ್ನು. ನವಶಿಲಾಯುಗದ ದನಗಾಹಿಗಳು ಹಾಕಿದ ಸಗಣಿ ಸುಟ್ಟು ಆದ ದಿಬ್ಬ. ಅದರ ಸುತ್ತ ಆ ಜನರ ಬದುಕೇ ಸಿಕ್ಕಿತು. ಹೊಸ ಸಿದ್ಧಾಂತಗಳನ್ನು ನಮ್ಮ ದೇಶದ ಪುರಾತತ್ವಕ್ಕೆ ತಂದು ಚರ್ಚೆ ಮಾಡಿದವರಲ್ಲಿ ಅವರು ಮುಖ್ಯರು. ಕಲ್ಲಿನ ಕೊಡಲಿ ಎಷ್ಟು ಸಿಕ್ಕಿತು ಅಂತ ಎಣಿಸಿದರೆ ಸಾಲದು, ಆ ಜನ ಹೇಗೆ ಬದುಕಿದರು ಅಂತ ಕೇಳಬೇಕು ಅನ್ನುವುದು ಅವರಂಥವರಿಂದ ನಾವು ಕಲಿತದ್ದು.

ಗುಣಿಯ ವಿಷಯ. ನೀವು ಮಾಡಿದ್ದು ಸರಿ. 1989ರಲ್ಲಿ ಅಮೆರಿಕದ ಸೌತ್ ಡಕೋಟಾದಲ್ಲಿ ವಿಶ್ವ ಪುರಾತತ್ವ ಕಾಂಗ್ರೆಸ್ಸಿನವರು ಸೇರಿ ವರ್ಮಿಲಿಯನ್ ಒಪ್ಪಂದ ಅಂತ ಮಾಡಿಕೊಂಡರು. ಸತ್ತವರ ದೇಹಕ್ಕೆ ಮರ್ಯಾದೆ ಕೊಡಬೇಕು, ಅವರ ಇಚ್ಛೆ, ಅವರ ಜನರ ಇಚ್ಛೆ ಕೇಳಬೇಕು ಅಂತ ಅದರಲ್ಲಿದೆ. ಮರು ವರ್ಷ, 1990ರಲ್ಲಿ, ಅಲ್ಲಿನ ಮೂಲನಿವಾಸಿಗಳ ಪೂರ್ವಜರ ಮೂಳೆಗಳನ್ನು ಮ್ಯೂಸಿಯಮ್ಮುಗಳು ವಾಪಸ್ ಕೊಡಬೇಕು ಅಂತ ಕಾನೂನೇ ಬಂತು. ನಿಮ್ಮ ಊರಿನದು ಅಷ್ಟು ದೂರದ ಮಾತೂ ಅಲ್ಲ. ಆ ಗುಣಿಯಲ್ಲಿ ಇರುವವರ ಮಕ್ಕಳು ಇನ್ನೂ ಬದುಕಿರಬಹುದು. ಆರ್‌ಸಿಯಲ್ಲಿ ಹಿರಿಯರನ್ನು ಕೂಡಿಸಿ ಹೇಳಿ. ಬೇರೆ ಕಡೆ ಮಣ್ಣು ಮಾಡಬೇಕೋ, ಅಲ್ಲೇ ಭದ್ರ ಮಾಡಬೇಕೋ ಅವರು ತೀರ್ಮಾನಿಸಲಿ. ಏನೇ ಮಾಡುವ ಮೊದಲು ಪಂಚಾಯ್ತಿಗೂ ತಿಳಿಸಿರಿ. ಮೂಳೆ ವಿಷಯ, ಸುಮ್ನೆ ತೊಂದರೆ ಬೇಡ.

ಕಾಲೇಜಿನವರ ವಿಷಯ ಓದಿ ನಾಚಿಕೆಯಾಯಿತು. ನಾವೂ ಎಷ್ಟೋ ಊರಿನಲ್ಲಿ ಹೀಗೇ ಮಾಡಿದ್ದೇವೆ. ಊರವರ ಮನೆಯಲ್ಲಿ ರೊಟ್ಟಿ ತಿಂದು, ಅವರ ಹೊಲದಲ್ಲಿ ಟ್ರೆಂಚ್ ಹಾಕಿ, ಚೀಲ ಕಟ್ಟಿಕೊಂಡು ಹೋಗಿ, ವರದಿಯನ್ನು ಇಂಗ್ಲಿಷಿನಲ್ಲಿ ಬರೆದು ಮುಗಿಸಿದ್ದೇವೆ. ನೀವು ಒಂದು ಪತ್ರ ಬರೆಯಿರಿ. ಯಾವ ದಿನ ಬಂದರು, ಎಷ್ಟು ಚೀಲ ಒಯ್ದರು, ಈಗ ಎಲ್ಲಿ ಇಟ್ಟಿದ್ದಾರೆ ಅಂತ ಕೇಳಿ. ಕೇಳುವ ಹಕ್ಕು ನಿಮಗಿದೆ.

ಒಳಕಲ್ಲು ಮಾತ್ರ ಇದ್ದಲ್ಲೇ ಬಿಡಿ ಅಂತ ನನ್ನ ಸಲಹೆ. ಅಡುಗೆಮನೆ ನೆಲದಲ್ಲಿ ಇದ್ದಾಗ ಅದು ಹೇಳುವ ಮಾತು ಬೇರೆ. ಕಿತ್ತು ತಂದರೆ ಅದು ಬರೀ ಒಂದು ಕಲ್ಲು.

---

ಶಾಸನಪ್ರೇಮಿ (ಬೆಳಗಾವಿ)
*ಮೇ 7*

ವೀರಗಲ್ಲಿನ ಬಗ್ಗೆ ಮಾತ್ರ ಹೇಳುತ್ತೇನೆ. 1972ರ ಪ್ರಾಚ್ಯವಸ್ತು ಕಾಯ್ದೆ ಪ್ರಕಾರ ನೂರು ವರ್ಷ ದಾಟಿದ ಶಿಲ್ಪ ಪ್ರಾಚ್ಯವಸ್ತು ಆಗುತ್ತದೆ. ಲೈಸೆನ್ಸ್ ಇಲ್ಲದೆ ಮಾರುವ ಹಾಗಿಲ್ಲ. ಮೊದಲು ನಾಲ್ಕೂ ಕಡೆಯಿಂದ ಫೋಟೋ ತೆಗೆದು, ಜಿಪಿಎಸ್ ಜೊತೆ ರಾಜ್ಯ ಪುರಾತತ್ವ ಇಲಾಖೆಗೆ ಅರ್ಜಿ ಕೊಟ್ಟು, ಸ್ವೀಕೃತಿ ತಗೊಳ್ಳಿ. ಬೆಳಗಿನ ಹೊತ್ತು ಬಿಸಿಲು ಓರೆಯಾಗಿ ಬೀಳುವಾಗ ತೆಗೆದರೆ ಅಕ್ಷರ ಇದ್ದರೂ ಕಾಣುತ್ತವೆ. ಸುಣ್ಣ, ಅರಿಶಿನ ಹಚ್ಚಿ ಅಕ್ಷರ ಎಬ್ಬಿಸಲು ಹೋಗಬೇಡಿ.

---

ಮಲಪ್ರಭೆ ದಂಡೆಯವ (ಐಹೊಳೆ ಕಡೆ)
*ಮೇ 8*

ಅಣ್ಣಾ, ಒಳಕಲ್ಲು ಮನೆಗೆ ತನ್ನಿ. ಇದ್ದಲ್ಲೇ ಬಿಡಿ ಅಂತ ಹೇಳುವುದು ಹೊರಗಿನವರಿಗೆ ಸುಲಭ. ನಾಳೆ ಟ್ರ್ಯಾಕ್ಟರ್ ಮತ್ತೆ ಬಂದರೆ ಕಾಯುವವರು ಯಾರು? ಮೇಲಿನ ಸರ್ ಮೇಲೆ ಗೌರವ ಇಟ್ಟುಕೊಂಡೇ ಹೇಳುತ್ತೇನೆ, ನಿಮ್ಮವ್ವ ಇಪ್ಪತ್ತು ಮೂವತ್ತು ವರ್ಷ ರುಬ್ಬಿದ ಕಲ್ಲು ನಿಮ್ಮ ಮನೆಯಲ್ಲಿದ್ದರೆ ಬರೀ ಕಲ್ಲಾಗುವುದಿಲ್ಲ. ಫೋಟೋ, ಅಳತೆ, ದಿಕ್ಕು ಎಲ್ಲ ಬರೆದುಕೊಂಡು, ತಗೊಂಡು ಬನ್ನಿ. ನಕ್ಷೆಯಲ್ಲಿ "ಇಲ್ಲಿತ್ತು, ಇಂಥ ದಿನ ಇಂಥವರ ಮನೆಗೆ ಹೋಯಿತು" ಅಂತ ಬರೆದರಾಯಿತು. ಅದೂ ಆ ಕಲ್ಲಿನ ಚರಿತ್ರೆಯೇ, ಅಲ್ವಾ?

ನಾನು ಐಹೊಳೆಯಲ್ಲಿ ಪ್ರವಾಸಿಗರಿಗೆ ಗುಡಿ ತೋರಿಸುತ್ತೇನೆ. ಒಂದು ಸಂಗತಿ ಯಾವಾಗಲೂ ಕಾಡುತ್ತದೆ. ಲಾಡಖಾನ ಗುಡಿ ಅಂತ ಯಾಕೆ ಅನ್ನುತ್ತಾರೆ? ಲಾಡಖಾನ ಅನ್ನುವವರು ಒಂದು ಕಾಲಕ್ಕೆ ಅದರಲ್ಲಿ ವಾಸವಾಗಿದ್ದರು, ಅದಕ್ಕೆ. ಗೌಡರ ಗುಡಿ, ಬಡಿಗೇರ ಗುಡಿ, ಅಂಬಿಗೇರ ಗುಡಿ, ಹುಚ್ಚಪ್ಪಯ್ಯನ ಮಠ, ಈ ಹೆಸರುಗಳನ್ನು ಯಾವ ಚಾಲುಕ್ಯ ರಾಜನೂ ಇಟ್ಟದ್ದಲ್ಲ. ಊರ ಜನ ಇಟ್ಟದ್ದು. ದುರ್ಗದ ಗುಡಿ ಅಂದರೆ ಎಲ್ಲರೂ ದುರ್ಗಾದೇವಿ ಗುಡಿ ಅಂದುಕೊಳ್ಳುತ್ತಾರೆ. ಅದರ ಸುತ್ತ ಕೋಟೆ ಕಟ್ಟಿದ್ದರು, ಅದಕ್ಕೆ ಆ ಹೆಸರು. ಗುಡಿ ಕಟ್ಟಿದ ಮೇಲೆ ಸಾವಿರ ವರ್ಷ ಜನ ಅಲ್ಲೇ ಬದುಕಿದ್ದಾರೆ. ದನ ಕಟ್ಟಿದ್ದಾರೆ, ಅಡುಗೆ ಮಾಡಿದ್ದಾರೆ, ಮದುವೆ ಮಾಡಿದ್ದಾರೆ.

ಬರುವ ಪ್ರವಾಸಿಗರು ಮೇಗುತಿ ಗುಡ್ಡ ಹತ್ತಿ ರವಿಕೀರ್ತಿಯ ಶಾಸನ ಕೇಳುತ್ತಾರೆ. ಕ್ರಿ.ಶ. 634, ಇಮ್ಮಡಿ ಪುಲಕೇಶಿ, ಹರ್ಷನ ಸೋಲು, ಎಲ್ಲ ಬಾಯಿಪಾಠ. ಅದೇ ಗುಡ್ಡದ ಮೇಲೆ ಗುಡಿಯ ಹಿಂದೆ ಶಿಲಾಯುಗದವರಾದ ಮೇಲೆ ಬಂದ ಜನರ ಕಲ್ಲು ಸಮಾಧಿಗಳಿವೆ. ಚಪ್ಪಡಿ ನಿಲ್ಲಿಸಿ, ಮೇಲೊಂದು ಚಪ್ಪಡಿ ಮುಚ್ಚಿದ್ದು. ಅಲ್ಲಿಗೆ ಬನ್ನಿ ಅಂದರೆ ಹತ್ತರಲ್ಲಿ ಒಬ್ಬರು ಬರುತ್ತಾರೆ. ಲಾಡಖಾನರು ಯಾವ ಮೂಲೆಯಲ್ಲಿ ಒಲೆ ಹೂಡಿದ್ದರು ಅಂತ ಇವತ್ತಿನ ತನಕ ಒಬ್ಬರೂ ಕೇಳಿಲ್ಲ. ಹೆಸರು ಉಳಿದಿದೆ, ಮನುಷ್ಯ ಉಳಿದಿಲ್ಲ.

ನಮ್ಮ ಊರನ್ನು ಗುಡಿಗಳ ನಡುವಿನಿಂದ ಎಬ್ಬಿಸಿ ಬೇರೆ ಕಡೆ ಕೂರಿಸುವ ಮಾತು ಎಷ್ಟೋ ವರ್ಷದಿಂದ ನಡೆದಿದೆ. ಗುಡಿ ಉಳಿಯಬೇಕು, ನಾನೂ ಅದರಿಂದಲೇ ಅನ್ನ ತಿನ್ನುವವನು. ಆದರೆ ಮನೆ ಕೆಡವುವ ಮೊದಲು ನಿಮ್ಮಂಥ ಒಬ್ಬರು ಬಂದು ಆ ಮನೆಗಳ ಅಳತೆ ಬರೆದಿಟ್ಟರೆ ಚೆನ್ನಾಗಿತ್ತು.

ಓಣಿಗಳಿಗೆ ನಂಬರು ಹಾಕಬೇಡಿ. ನಂಬರು ಹಾಕುವುದು ಆಫೀಸಿನ ಕೆಲಸ. ಊರು ಕರೆದ ಹೆಸರು ಬರೆಯಿರಿ.

---

ಜಂತಿಮನೆ ಅಕ್ಕ (ಬಾಗಲಕೋಟೆ ಜಿಲ್ಲೆ)
*ಮೇ 10*

ಸರ್ವೇಯರ್ ಅಣ್ಣಾ, ನಿಮ್ಮ ಪ್ರಶ್ನೆ ಮೂರು ದಿನದಿಂದ ಓದುತ್ತಿದ್ದೇನೆ. ಬರೆಯಲೋ ಬೇಡವೋ ಅಂತ ಯೋಚನೆ ಮಾಡಿ ಈಗ ಬರೆಯುತ್ತಿದ್ದೇನೆ.

ನಮ್ಮ ಊರು ಇನ್ನೂ ಮುಳುಗಿಲ್ಲ. ಈಗ ಆಲಮಟ್ಟಿಯಲ್ಲಿ ನೀರು ನಿಲ್ಲುವುದು 519.60 ಮೀಟರ್ ಮಟ್ಟಕ್ಕೆ. 524.256ಕ್ಕೆ ಏರಿಸಿದರೆ ನಮ್ಮ ಮನೆ ಹೋಗುತ್ತದೆ. ಈ ಎರಡು ನಂಬರು ನಮ್ಮ ಊರಿನಲ್ಲಿ ಶಾಲೆ ಮಕ್ಕಳಿಗೂ ಗೊತ್ತು. ಅಳತೆ ಮಾಡಲು ಬಂದವರು ಗೋಡೆ ಯಾವುದರದ್ದು, ಬಾಗಿಲು ಎಷ್ಟು, ಕಟ್ಟಿಗೆ ತೇಗವೋ ಬೇವೋ ಅಂತ ಬರೆದುಕೊಂಡು ಹೋದರು. ಪರಿಹಾರಕ್ಕೆ ಅಷ್ಟು ಸಾಕು. ನನಗೆ ಸಾಲಲಿಲ್ಲ.

ಈಗ ಬಾವಿಯ ಮಾತು. ಕಲ್ಲು ಗಟ್ಟಿ ಇರಲಿಕ್ಕಿಲ್ಲ ಅಣ್ಣಾ. ನಮ್ಮ ಊರಿನಲ್ಲೂ ಒಂದು ಬಾವಿ ಇದೆ, ಅದಕ್ಕೂ ಮೂರೇ ಬದಿಗೆ ಗೆರೆ. ನಾಲ್ಕನೇ ಬದಿ ನಮ್ಮ ಕೇರಿಯವರು ಬಂದು ನಿಲ್ಲುವ ಬದಿ. ನಾವು ಹಗ್ಗ ಇಳಿಸುವ ಹಾಗಿರಲಿಲ್ಲ. ಕೊಡ ಇಟ್ಟು ಕಾಯಬೇಕು. ಸೇದುವವರಿಗೆ ಮನಸ್ಸು ಬಂದರೆ ಹಾಕುತ್ತಿದ್ದರು. ಆ ಬದಿಯಲ್ಲಿ ಯಾರೂ ನಿಂತು ಸೇದುತ್ತಿರಲಿಲ್ಲ, ನಮ್ಮ ಹತ್ತಿರ ಬರಬೇಕಾಗುತ್ತಲ್ಲ. ನಮ್ಮ ಅಜ್ಜಿ ಹೇಳಿದ್ದು ಇದು. ನಿಮ್ಮ ಊರಿನಲ್ಲೂ ಹಾಗೇ ಇತ್ತು ಅಂತ ನಾನು ಹೇಳುವುದಿಲ್ಲ. ಆದರೆ ಮತ್ತೊಮ್ಮೆ ಹೋಗಿ ಆ ಬದಿಯ ನೆಲ ನೋಡಿ. ಗೆರೆ ಕಲ್ಲಿನ ಮೇಲೆ ಇಲ್ಲದಿದ್ದರೆ ಗುರುತು ಬೇರೆ ಎಲ್ಲಾದರೂ ಇರಬಹುದು. ಬಾವಿಯಿಂದ ನಾಲ್ಕು ಮಾರು ಸುತ್ತ ಕೆಸರು ತೆಗೆದು ನೋಡಿ.

"ಎಲ್ಲಾರೂ ಒಂದ ಇದ್ವಿ" ಅಂತ ನಿಮ್ಮ ದೊಡ್ಡಪ್ಪ ಹೇಳಿದ್ದನ್ನು ನಾನು ಸುಳ್ಳು ಅನ್ನುವುದಿಲ್ಲ. ಅವರಿಗೆ ಹಾಗೇ ಕಂಡಿರಬಹುದು. ಆದರೆ ಒಂದು ಲೆಕ್ಕ ಹಾಕಿ. 61 ಮನೆಗಳಲ್ಲಿ ಹಗೇವು ಎಷ್ಟಕ್ಕಿವೆ? ಯಾವ ಓಣಿಯಲ್ಲಿವೆ? ನಮ್ಮ ಕೇರಿಯಲ್ಲಿ ಒಂದು ಮನೆಗೂ ಹಗೇವು ಇರಲಿಲ್ಲ. ನೆಲದೊಳಗೆ ಜೋಳ ತುಂಬಿಡಬೇಕಾದರೆ ಮೊದಲು ಅಷ್ಟು ಜೋಳ ಬೇಕಲ್ಲ. 72ರ ಬರದಲ್ಲಿ ನಮ್ಮ ಮನೆಯವರು ಏನು ತಿಂದರು ಅಂತ ಅಜ್ಜಿ ಹೇಳುತ್ತಿದ್ದಳು, ಅದನ್ನು ಇಲ್ಲಿ ಬರೆಯುವುದಿಲ್ಲ.

ಅದಕ್ಕೇ ಓಣಿಗೆ ಹೆಸರು ಬರೆಯಿರಿ. ಆದರೆ ಮೇಲ್ಗಡೆ ಓಣಿಯವರು ನಮ್ಮ ಕೇರಿಯನ್ನು ಕರೆದ ಹೆಸರನ್ನು ಸುಮ್ನೆ ಹಾಗೇ ಬರೆದುಬಿಡಬೇಡಿ. ನಾವು ನಮ್ಮ ಕೇರಿಯನ್ನು ಏನಂತ ಕರೆಯುತ್ತಿದ್ದೆವು ಅಂತ ನಮ್ಮನ್ನು ಕೇಳಿ. ನಮ್ಮ ಕಡೆ ದುರಗವ್ವನ ಕಟ್ಟೆ ಅನ್ನುತ್ತಿದ್ದೆವು. ಎರಡು ಹೆಸರಿದ್ದರೆ ಎರಡನ್ನೂ ಬರೆಯಿರಿ, ಯಾರು ಕರೆದದ್ದು ಅಂತ ಸೇರಿಸಿ.

ಇನ್ನೊಂದು. ನೀವು ಅಳೆದ ಮನೆಗಳಲ್ಲಿ ಆ ಕೇರಿಯ ಮನೆ ಎಷ್ಟು? ಬುನಾದಿಗೆ ಕಲ್ಲು ಹಾಕಿರಲಿಲ್ಲ ಅಂದರೆ ನಿಮ್ಮ ಟೇಪಿಗೆ ಅವು ಸಿಕ್ಕಿರಲಿಕ್ಕಿಲ್ಲ. ಮಣ್ಣಿನ ಗೋಡೆ, ಮಣ್ಣಿನ ನೆಲ, ಎರಡು ವರ್ಷದಲ್ಲಿ ಕರಗಿದ್ದು ಅಂದಿರಲ್ಲ, ಅವೇ ನಮ್ಮ ಮನೆಗಳು. ಕಲ್ಲು ಉಳಿದವರ ಊರು ಮಾತ್ರ ನಕ್ಷೆಗೆ ಬಂದೀತು, ಜೋಕೆ.

ಕೇಳಲು ಹೋದಾಗ ಹೊರಗೆ ಬೈಕ್ ಮೇಲೆ ಕೂತು ಕೇಳಬೇಡಿ. ಒಳಗೆ ಹೋಗಿ, ಕೂತು, ಅವರ ಮನೆ ನೀರು ಕುಡಿದು ಕೇಳಿ. ಹೇಳುತ್ತಾರೆ.

---

ಕರಣಿ ಮತ್ತು ಬ್ರಷ್ (ವಿಜಯಪುರ)
*ಮೇ 10*

ಅಕ್ಕಾ, ನಾನು ಎಷ್ಟೋ ಬಾವಿಗಳ ಡ್ರಾಯಿಂಗ್ ಮಾಡಿದ್ದೇನೆ. ಗೆರೆ ಇರುವುದನ್ನು ಬರೆದಿದ್ದೇನೆ. ಗೆರೆ ಯಾಕೆ ಇಲ್ಲ ಅಂತ ಒಮ್ಮೆಯೂ ಕೇಳಿಕೊಂಡಿಲ್ಲ. ನನ್ನ ಹಳೇ ಶೀಟುಗಳನ್ನು ತೆಗೆದು ಮತ್ತೆ ನೋಡಬೇಕು.

ಒಳಕಲ್ಲಿನ ವಿಷಯದಲ್ಲಿ ಐಹೊಳೆಯವರ ಮಾತು ಒಪ್ಪುತ್ತೇನೆ. ತನ್ನಿ. ಕೀಳುವ ಮೊದಲು ಸುತ್ತಲಿನ ನೆಲವನ್ನೂ ಬರೆದುಕೊಳ್ಳಿ. ಕೂರುವ ಜಾಗದಲ್ಲಿ ನೆಲ ಸವೆದಿರುತ್ತದೆ.

---

ಹಳೇಊರು ಸರ್ವೇಯರ್ (ಬಾಗಲಕೋಟೆ)
*ಮೇ 25*

ಎಲ್ಲರಿಗೂ, ಅದರಲ್ಲೂ ಜಂತಿಮನೆ ಅಕ್ಕನಿಗೆ, ಉತ್ತರ ಕೊಡಲು ತಡವಾಯಿತು. ಮೂರು ಸಲ ಊರಿಗೆ ಹೋಗಿ ಬಂದೆ.

ನಾಲ್ಕನೇ ಬದಿಯ ಕೆಸರು ತೆಗೆದೆ. ಒಂದು ಗೇಣು ಕೆಳಗೆ ಚಪ್ಪಡಿ ಸಿಕ್ಕಿತು. ಉದ್ದ ಆರು ಫೂಟು, ಅಗಲ ಎರಡೂವರೆ. ಮೇಲೆ ದುಂಡನೆಯ ಗುಳಿಗಳು, ಏಳು. ಕೊಡದ ತಳ ಕೂರುವ ಅಳತೆಯವು. ಅಂಗೈ ಇಟ್ಟರೆ ನುಣ್ಣಗೆ ತಾಗುತ್ತದೆ. ಬಾವಿ ಕಟ್ಟೆಯಿಂದ ಆ ಚಪ್ಪಡಿಗೆ 11 ಫೂಟು 4 ಇಂಚು. ಎರಡು ಸಲ ಟೇಪು ಹಿಡಿದೆ. ಆ ಚಪ್ಪಡಿಯ ಮೇಲೆ ಐದು ವರ್ಷ ಓಡಾಡಿದ್ದೇನೆ ನಾನು.

ಹಗೇವಿನ ಲೆಕ್ಕವನ್ನೂ ಮಾಡಿದೆ. 61ರಲ್ಲಿ 23 ಮನೆಗಳಿಗಿವೆ. ಇಪ್ಪತ್ತಮೂರೂ ಎರಡೇ ಓಣಿಯಲ್ಲಿವೆ. ಆ ಕೇರಿಯ ಮನೆಗಳು ನನ್ನ ನೋಟ್‌ಬುಕ್ಕಿನಲ್ಲಿ ನಾಲ್ಕೇ ಇದ್ದವು. ನೀವು ಹೇಳಿದ್ದೇ ಕಾರಣ. ಕಲ್ಲಿರಲಿಲ್ಲ, ಅದಕ್ಕೆ ನನ್ನ ಕಣ್ಣಿಗೆ ಬೀಳಲಿಲ್ಲ.

ಆ ಕೇರಿಯವರು ಈಗ ಆರ್‌ಸಿಯ ಇನ್ನೊಂದು ತುದಿಯಲ್ಲಿದ್ದಾರೆ. ಒಬ್ಬ ಆಯಿ ಇದ್ದಾರೆ, ಎಂಬತ್ತು ದಾಟಿದೆ. ಅವರ ಮನೆಗೆ ಹೋದೆ. ಇಷ್ಟು ವರ್ಷ ಒಂದೇ ಆರ್‌ಸಿಯಲ್ಲಿದ್ದೂ ಆ ಮನೆಯ ಹೊಸ್ತಿಲು ದಾಟಿದ್ದು ಅವತ್ತೇ ಮೊದಲು. ಆಯಿ ತಂಬಿಗೆ ತುಂಬ ನೀರು ಕೊಟ್ಟರು. ಕುಡಿದೆ. ಮೊಬೈಲಿನಲ್ಲಿ ಚಪ್ಪಡಿಯ ಫೋಟೋ ತೋರಿಸಿದೆ. ಮೊದಲು ಗುರುತು ಸಿಗಲಿಲ್ಲ. ನಂತರ ಮೊಬೈಲು ಹತ್ತಿರ ಹಿಡಿದು ಗುಳಿಗಳನ್ನು ಬೆರಳಲ್ಲಿ ಎಣಿಸಿದರು. ಎಡಗಡೆಯಿಂದ ಎರಡನೆಯದು ತಮ್ಮ ಅತ್ತೆಯದು ಅಂದರು. ಒಂದೊಂದು ಮನೆಗೆ ಒಂದೊಂದು ಗುಳಿ ಇತ್ತಂತೆ. ಬೆಳಿಗ್ಗೆ ಬಂದು ಇಟ್ಟರೆ ಮಧ್ಯಾಹ್ನವಾದರೂ ಕೊಡ ತುಂಬದ ದಿನಗಳಿದ್ದವಂತೆ. "ಯಾರರ ಹಾಕಿದ್ರ ಹಾಕಿದ್ರು, ಇಲ್ಲಂದ್ರ ಹೊಳಿಗೆ ಹೋಗೂದು" ಅಂದರು. ಬಾವಿಯಿಂದ ಎಷ್ಟು ದೂರ ಆಗುತ್ತದೆ ಅಂತ ನನ್ನನ್ನೇ ಕೇಳಿದರು. ಹನ್ನೊಂದು ಫೂಟು ಅಂದೆ. "ಅಷ್ಟ ಏನು? ಆವಾಗ ಭಾಳ ದೂರ ಅನಸ್ತಿತ್ತು" ಅಂದು ಸುಮ್ಮನಾದರು.

ಬರೆಯಲೇನು ಆಯಿ ಅಂತ ಕೇಳಿದೆ. "ಬರಿ. ನನ್ನ ಹೆಸರ ಬರೀಬ್ಯಾಡ, ನಮ್ಮತ್ತಿ ಕೊಡ ಅಂತ ಬರಿ" ಅಂದರು. ಹಾಗೇ ಬರೆದಿದ್ದೇನೆ. ದೊಡ್ಡಪ್ಪ ಹೇಳಿದ "ಗಟ್ಟಿ ಕಲ್ಲು" ಅನ್ನುವುದನ್ನು ಅಳಿಸಿಲ್ಲ. ಬಲಪುಟದಲ್ಲಿ ಅವರ ಮಾತು, ದಿನಾಂಕ ಇದೆ. ಕೆಳಗೆ ಆಯಿಯ ಮಾತು, ದಿನಾಂಕ ಇದೆ. ದೊಡ್ಡಪ್ಪನಿಗೆ ಚಪ್ಪಡಿಯ ಫೋಟೋ ತೋರಿಸಿದೆ. ಬಹಳ ಹೊತ್ತು ನೋಡಿದರು. ಏನೂ ಹೇಳಲಿಲ್ಲ. ಅದನ್ನೂ ಬರೆದುಕೊಂಡಿದ್ದೇನೆ.

ಓಣಿಯ ನಂಬರುಗಳನ್ನು ತೆಗೆದಿದ್ದೇನೆ. ಗುಣಿಯ ವಿಷಯ ಹಿರಿಯರ ಮುಂದೆ ಇಟ್ಟಿದ್ದೇನೆ, ಅಮಾವಾಸ್ಯೆ ಕಳೆದ ಮೇಲೆ ಕೂಡಿ ಮಾತಾಡುತ್ತಾರೆ. ಕಾಲೇಜಿಗೆ ಪತ್ರ, ಇಲಾಖೆಗೆ ವೀರಗಲ್ಲಿನ ಅರ್ಜಿ ಹೋಗಿವೆ. ಅವ್ವನ ಕಲ್ಲು ಈಗ ನಮ್ಮ ಹಿತ್ತಲಲ್ಲಿದೆ. ಕರಣಿ ಸರ್ ಹೇಳಿದ ಹಾಗೆ ನೆಲ ನೋಡಿದೆ. ಕಲ್ಲಿನ ಎಡಕ್ಕೆ, ಅವಳು ಕೂರುತ್ತಿದ್ದ ಕಡೆ, ಬಂಡೆ ಸ್ವಲ್ಪ ತಗ್ಗಾಗಿದೆ.

ಬಾಕಿ ಇರುವುದು ಆ ಕೇರಿಯ ಮನೆಗಳು ಮತ್ತು ತಿಪ್ಪೆ. ಬುನಾದಿ ಇಲ್ಲದ ಮನೆಯನ್ನು ಹೇಗೆ ಗುರುತಿಸುವುದು ಅಂತ ಆಯಿಯ ಮೊಮ್ಮಗ ತೋರಿಸುತ್ತೇನೆ ಅಂದಿದ್ದಾನೆ. ಒಲೆ ಇದ್ದ ಜಾಗದಲ್ಲಿ ಮಣ್ಣು ಇನ್ನೂ ಕೆಂಪಗಿದೆಯಂತೆ. ಮಳೆ ಹಿಡಿದು ನೀರು ಏರುವ ಮೊದಲು ಮುಗಿಸಬೇಕು. ಬರುವ ಭಾನುವಾರ ಬೆಳಿಗ್ಗೆ ಆರಕ್ಕೆ ಹೊರಡುತ್ತೇವೆ. ಟೇಪಿನ ಇನ್ನೊಂದು ತುದಿ ಹಿಡಿಯಲು ಯಾರಾದರೂ ಬರುವುದಿದ್ದರೆ ಇಲ್ಲೇ ತಿಳಿಸಿ. ರೊಟ್ಟಿ ಬುತ್ತಿ ನಮ್ಮ ಮನೆಯಿಂದ ಬರುತ್ತದೆ. ಆಯಿ ತಾವೂ ಬರುತ್ತೇನೆ ಅನ್ನುತ್ತಿದ್ದಾರೆ. ಕೆಸರಿನಲ್ಲಿ ಅವರನ್ನು ಕುರ್ಚಿಯಲ್ಲಿ ಕೂರಿಸಿ ಹೊರಲು ನಾಲ್ಕು ಜನ ಬೇಕು.